ಗೊತ್ತಿದ್ದವಳು

ಕುಂಭಾಶಿಯಲ್ಲಿ, ಹೆದ್ದಾರಿಯಿಂದ ಆನೆಗುಡ್ಡೆಯ ಗಣಪತಿ ದೇವಸ್ಥಾನಕ್ಕೆ ತಿರುಗುವ ಕಡೆ ನನ್ನದೊಂದು ಹಣ್ಣುಕಾಯಿ ಅಂಗಡಿ. ಕಳೆದ ನವೆಂಬರಿನ ಒಂದು ಮಧ್ಯಾಹ್ನ ನನ್ನ ತಮ್ಮನ ಹೆಂಡತಿ ರಮಿತಾ ಉಡುಪಿ ಕಡೆಯಿಂದ ಬಂದ ಬಸ್ಸಿನಿಂದ ಇಳಿದು, ರಸ್ತೆ ದಾಟಿ, ನೇರ ಅಂಗಡಿಯ ಒಳಗೆ ಬಂದು ಗರಿಕೆ ಬುಟ್ಟಿಯ ಪಕ್ಕ ನಿಂತಳು. ಎಡಗಣ್ಣಿನ ಕೆಳಗೆ ಊದಿ ನೀಲಿಗಟ್ಟಿತ್ತು. ತಮ್ಮನಿಗೆ ಬುದ್ಧಿ ಹೇಳಿ ಎಂದು ಅವಳು ಕೇಳಲಿಲ್ಲ. ಎರಡು ದಿನ ಇಲ್ಲೇ ಉಳಿಯುತ್ತೇನೆ ಎಂದೂ ಅನ್ನಲಿಲ್ಲ. ಚೀಲದಿಂದ ಬಿಳಿ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೆಗೆದು ನನ್ನ ಮುಂದೆ ಹಿಡಿದಳು.

"ಅತ್ಗಿ, ಇದೊಂದ್ ನಿಮ್ಮಲ್ಲಿ ಇಟ್ಕಂತ್ರ್ಯಾ?"

"ಎಂತ ಇದ್?"

"ನನ್ ಮಾತ್ರಿ."

ಯಾವ ಮಾತ್ರೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ನನಗಿರಲಿಲ್ಲ. ಆರು ವರ್ಷದ ಹಿಂದೆ ಅವಳು ಬಸುರಿಯಾಗಿದ್ದಾಗ ರಕ್ತ ಪರೀಕ್ಷೆ ಮಾಡಿಸಿ, ಎಚ್‌ಐವಿ ಇದೆ ಎಂದು ಗೊತ್ತಾದದ್ದು ನಮ್ಮ ಮನೆಯಲ್ಲಿ ನಾಲ್ಕೇ ಜನಕ್ಕೆ ತಿಳಿದ ವಿಷಯ. ಅವಳಿಗೆ, ನನ್ನ ತಮ್ಮ ರವಿರಾಜನಿಗೆ, ಅಮ್ಮನಿಗೆ, ನನಗೆ. ಆವತ್ತಿನಿಂದ ಇಬ್ಬರೂ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದರು. ಮಗು ಸುರಕ್ಷಾಳಿಗೆ ಏನೂ ತಗಲಿರಲಿಲ್ಲ.

"ಮನಿಯಲ್ಲಿ ಇಟ್ಕಂಬುಕ್ ಎಂತ ಆತ್ತ್?" ಎಂದೆ.

ಅವಳು ಬಾಳೆಗೊನೆಯ ಕೆಳಗಿದ್ದ ಸ್ಟೂಲಿನ ಮೇಲೆ ಕೂತು ಹೇಳಿದಳು. ಅಳಲಿಲ್ಲ. ಬೇರೆಯವರ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು.

ರವಿರಾಜ ಮೀನಿನ ಟೆಂಪೋ ಓಡಿಸುತ್ತಾನೆ. ಬೈಂದೂರಿನಲ್ಲಿ ಮನೆ. ಮೀನು ತುಂಬಿಸಲು ಹಂಗಾರಕಟ್ಟೆ ಕಡೆಗೆ ಹೋದಾಗ ಹಾಗೇ ಮುಂದೆ ಉಡುಪಿಯ ಆಸ್ಪತ್ರೆಯವರೆಗೆ ಹೋಗಿ ಇಬ್ಬರ ಮಾತ್ರೆಯನ್ನೂ ಅವನೇ ತರುತ್ತಿದ್ದ. ರಮಿತಾ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಕೆಲಸ ಮಾಡುತ್ತಾಳೆ. ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳ ಇಲ್ಲ, ಅವನೇ ತರಲಿ ಎಂದು ಅವಳಿಗೂ ಅನಿಸಿತ್ತು. ಮೊದಲ ಕೆಲವು ವರ್ಷ ಎರಡೂ ಬಾಟಲಿ ಅಡುಗೆಮನೆಯ ಗೂಡಿನಲ್ಲಿ ಇರುತ್ತಿದ್ದವು. ಆಮೇಲೆ ಅವನು ಎರಡನ್ನೂ ಟೆಂಪೋದ ಡ್ಯಾಶ್‌ಬೋರ್ಡಿನ ಒಳಗೆ ಹಾಕಿ ಬೀಗ ಹಾಕತೊಡಗಿದ. ಬೆಳಿಗ್ಗೆ ಚಾ ಕುಡಿದು, ತನ್ನ ಮಾತ್ರೆ ನುಂಗಿ, ಆಮೇಲೆ ಅವಳ ಮಾತ್ರೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕಾಯುವನು. ಅವಳು ಕೇಳಬೇಕು. ಕೇಳಿದ ಧ್ವನಿ ಅವನಿಗೆ ಸರಿ ಕಂಡರೆ ಕೊಡುವನು. ಹಿಂದಿನ ದಿನ ಎದುರುತ್ತರ ಕೊಟ್ಟಿದ್ದರೆ, ಸಾರಿಗೆ ಉಪ್ಪು ಹೆಚ್ಚಾಗಿದ್ದರೆ, ಕಾರ್ಖಾನೆಯಿಂದ ಬರುವುದು ತಡವಾಗಿದ್ದರೆ, ಹಾಸಿಗೆಯಲ್ಲಿ ಬೇಡ ಎಂದಿದ್ದರೆ ಆ ದಿನ ಮಾತ್ರೆ ಇಲ್ಲ. ಮಾತ್ರೆಯನ್ನು ಕಿಟಕಿಯಾಚೆ ಎಸೆದು ಟೆಂಪೋ ಹತ್ತುವನು. ಅವಳು ಅಂಗಳದ ಮಣ್ಣಿನಲ್ಲಿ ಹುಡುಕಿ, ಒರೆಸಿ, ನುಂಗಿದ್ದೂ ಉಂಟಂತೆ.

"ಅವಂದ್ ಅವ ತಕಂತ್ನಾ?"

"ಒಂದ್ ದಿನ ತಪ್ಪುದಿಲ್ಲೆ ಅತ್ಗಿ. ಗಡಿಯಾರ ಕಂಡ್ ತಕಂತ."

ಈ ಕಾಯಿಲೆ ಯಾರಿಗೂ ಬರಬಹುದು. ಅದಕ್ಕಾಗಿ ನಾನು ಯಾರನ್ನೂ ಬೈಯುವವಳಲ್ಲ. ಆದರೆ ತನ್ನ ಜೀವ ಉಳಿಸುವ ಅದೇ ಮಾತ್ರೆಯನ್ನು ಹೆಂಡತಿಯ ಮುಂದೆ ನಾಯಿಗೆ ಬಿಸ್ಕತ್ತು ತೋರಿಸಿದ ಹಾಗೆ ತೋರಿಸುವವನು ನನ್ನ ಜೊತೆಗೆ ಒಂದೇ ತಟ್ಟೆಯಲ್ಲಿ ಉಂಡವನು. ಅವನು ಅಂಬೆಗಾಲಿಡುವಾಗ ಅವನನ್ನು ಎತ್ತಿಕೊಂಡು ಓಡಾಡಿದವಳು ನಾನು.

ಅಕ್ಟೋಬರಿನಲ್ಲಿ ಆಸ್ಪತ್ರೆಯವರು ರಕ್ತ ಪರೀಕ್ಷೆಗೆ ಅವಳೇ ಬರಬೇಕು ಎಂದು ಹೇಳಿ ಕಳಿಸಿದ್ದರು. ವೈರಲ್ ಲೋಡ್ ಎಂಬ ಪರೀಕ್ಷೆ. ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ಅದರಲ್ಲಿ ಗೊತ್ತಾಗುತ್ತದೆ. ದಿನವೂ ಮಾತ್ರೆ ತಿಂದರೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇರಬೇಕಂತೆ. ರಮಿತಾಳದ್ದು ಸಾವಿರಗಟ್ಟಲೆ ಬಂತು. ಅಲ್ಲಿ ಪ್ರೇಕ್ಷಾ ಎಂಬ ಹುಡುಗಿ ಆಪ್ತ ಸಲಹೆಯ ಕೆಲಸದಲ್ಲಿದ್ದಾಳೆ. "ನೀವು ಮಾತ್ರೆ ತಪ್ಪಿಸ್ತಾ ಇದ್ದೀರಿ, ಯಾಕೆ?" ಎಂದು ಅವಳು ಕೇಳಿದಾಗ ರಮಿತಾ "ಮರೆತ್ ಹೋತ್ತ್ ಮೇಡಂ" ಎಂದು ತಲೆ ತಗ್ಗಿಸಿದಳಂತೆ. ಮರೆಯುವವಳು! ಪ್ರೇಕ್ಷಾ ಬಾಗಿಲು ಮುಚ್ಚಿ, ಎದುರಿನ ಕುರ್ಚಿ ಬಿಟ್ಟು ಪಕ್ಕಕ್ಕೆ ಬಂದು ಕೂತು, "ಮನೆಯಲ್ಲಿ ಯಾರಾದ್ರೂ ಹೊಡಿತಾರಾ?" ಎಂದು ಕೇಳಿದಳು. ಆರು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯವಳು ಅವಳು. ನಾನು ಕೇಳಿರಲಿಲ್ಲ.

ಇನ್ನು ಮುಂದೆ ರಮಿತಾಳ ಮಾತ್ರೆ ರಮಿತಾಳ ಕೈಗೇ ಕೊಡುವುದು, ಗಂಡನ ಕೈಗೆ ಕೊಡುವುದಿಲ್ಲ ಎಂದು ಅಲ್ಲಿ ತೀರ್ಮಾನವಾಯಿತು. ತನ್ನ ಪಾಲಿನದು ಮಾತ್ರ ಸಿಕ್ಕಿದಾಗ ರವಿರಾಜ ಮನೆಗೆ ಬಂದು ಅವಳ ಕಣ್ಣಿಗೆ ಗುದ್ದಿದ. "ಅಲ್ಲಿ ಹೋಯಿ ಎಂತ ಹೇಳಿದ್ದೆ?" ಎಂದು. ಹಳೆಯ ಬಾಟಲಿಯಲ್ಲಿ ಅವಳದ್ದು ಇನ್ನೂ ಹತ್ತು ಹದಿನೈದು ಮಾತ್ರೆ ಇವೆ, ಅವನ್ನು ಕೇಳಿ ತಗೊಳ್ಳಬೇಕು, ಅಷ್ಟರ ಮೇಲೆ ತಾನು ತಂದಾಗಲೇ, ಇವಳು ಉಡುಪಿಗೆ ಹೋಗಕೂಡದು ಎಂದು ಕಟ್ಟುಮಾಡಿದ. ಅವಳು ಕಾರ್ಖಾನೆಗೆ ಹೋಗುತ್ತೇನೆ ಎಂದು ಹೇಳಿ ಉಡುಪಿಗೆ ಹೋಗಿ ಮೂರು ತಿಂಗಳಿಗಾಗುವ ಬಾಟಲಿ ತಂದಿದ್ದಳು. ಆ ಬಾಟಲಿ ಈಗ ನನ್ನ ಕೈಯಲ್ಲಿತ್ತು.

"ಕಾರ್ಖಾನಿಯಲ್ಲಿ ಇಡುಕಾತಿಲ್ಲೆ" ಎಂದಳು. "ಗೇರ್‌ಬೀಜ ಕದ್ಕ ಹೋತ್ರ್ ಅಂದ್ಹೇಳಿ ಗೇಟಂಗೆ ಚೀಲ ಬಿಚ್ಚಿ ಕಾಂತ್ರ್. ಕಾಗ್ದದಲ್ಲಿ ಸುತ್ತಿ ರವ್ಕಿ ಒಳ್ಗ್ ಹಾಕಂಡ್ ಹದ್ನೈದ್ ಹದ್ನೈದ್ ತಕಂಡ್ ಹೋತೆ. ಐತವಾರ ಆನೆಗುಡ್ಡೆಗೆ ಹರಕಿ ಅಂದ್ರೆ ನಿಮ್ಮಮ್ಮ ಬ್ಯಾಡ ಅಂಬುದಿಲ್ಲೆ."

ಕುಂಕುಮದ ಪೊಟ್ಟಣಗಳನ್ನು ಇಡುವ ಡಬ್ಬದ ಹಿಂದೆ ಬಾಟಲಿಯನ್ನು ಇಟ್ಟೆ. ಮೊದಲ ಹದಿನೈದು ಮಾತ್ರೆಯನ್ನು ಆಗಲೇ ಸುತ್ತಿಕೊಂಡಿದ್ದ ಅವಳು ಚಾ ಕೂಡ ಕುಡಿಯದೆ ಬೈಂದೂರಿನ ಬಸ್ಸು ಹತ್ತಿದಳು. ಹತ್ತುವ ಮೊದಲು ನನ್ನ ಕೈ ಹಿಡಿದು, "ನೀವೊಬ್ರ್ ಇದ್ರಿ ಅತ್ಗಿ" ಎಂದಳು.

ಆ ಮಾತು ನನ್ನನ್ನು ಸುಟ್ಟಿತು. ಯಾಕೆಂದರೆ ನಾನು ಎಂಥವಳು ಎಂದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತಾಗಬೇಕಾದರೆ ಮದುವೆಯ ಹಿಂದಿನ ವರ್ಷದ ಸುದ್ದಿ ಹೇಳಬೇಕು. ರವಿರಾಜ ಆಗ ಮುಂಬೈಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಮೂರು ತಿಂಗಳು ಜ್ವರ ಬಿಡದೆ, ಅಲ್ಲಿಯ ಆಸ್ಪತ್ರೆಯಲ್ಲಿ ಮಲಗಿ, ಎಲುಬು ಚಕ್ಕಳವಾಗಿ ಊರಿಗೆ ಬಂದ. ಟಿ.ಬಿ. ಎಂದು ಅಮ್ಮ ನೆರೆಕರೆಗೆ ಹೇಳಿದಳು. ಆಗ ನಾನು ಆರೈಕೆಗೆಂದು ಬೈಂದೂರಿನಲ್ಲೇ ಇದ್ದೆ. ಅವನ ಬಟ್ಟೆ ಒಗೆಯಲು ಪೆಟ್ಟಿಗೆ ತೆರೆದಾಗ ಪ್ಲಾಸ್ಟಿಕ್ ಕವರಿನಲ್ಲಿ ಆಸ್ಪತ್ರೆಯ ಫೈಲು ಸಿಕ್ಕಿತು. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು. ಇಂಗ್ಲಿಷಿನ ಆ ಮೂರು ಅಕ್ಷರ, ಅದರ ಮುಂದೆ ಪಾಸಿಟಿವ್ ಎಂದು ಬರೆದದ್ದು, ಅವನ ಹೆಸರು, ತಾರೀಕು ಎಲ್ಲವನ್ನೂ ಓದಿದೆ. ಅಮ್ಮನಿಗೆ ತೋರಿಸಿದೆ. ಅಮ್ಮನಿಗೆ ಮೊದಲೇ ಗೊತ್ತಿತ್ತು.

"ಬಾಯಿ ಬಿಡ್ಬೇಡ" ಎಂದಳು ಅಮ್ಮ. "ಮಾತ್ರಿ ತಕಂಡ್ ಮೈ ತುಂಬಿಕಂಡಿದ. ಒಂದ್ ಮದಿ ಆಯ್ಲಿ, ಎಲ್ಲ ಸಮ ಆತ್ತ್."

ಮೈ ತುಂಬಿದ್ದು ನಿಜ. ಮೈ ತುಂಬಿದ ಕೂಡಲೆ ಅವನು ಮಾತ್ರೆ ಬಿಟ್ಟದ್ದೂ ನಿಜ. ಅದೂ ನನಗೆ ಗೊತ್ತಿತ್ತು.

ಹೆಮ್ಮಾಡಿಯಲ್ಲಿ ಹುಡುಗಿ ಇದ್ದಾಳೆ, ತಂದೆ ಇಲ್ಲ, ತಾಯಿ ಮತ್ತು ಅಣ್ಣ ಮಾತ್ರ ಎಂದು ಸಂಬಂಧ ಬಂತು. ನೋಡಲು ಹೋದವರಲ್ಲಿ ನಾನೂ ಒಬ್ಬಳು. ಆ ತಾಯಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಜ್ಜಿಗೆ ಹಾಕುತ್ತ ಮೆಲ್ಲಗೆ ಕೇಳಿದರು. "ಹುಡ್ಗನ ಆರೋಗ್ಯ ಎಲ್ಲ ಹುಷಾರಲ್ದಾ? ಒಂಚೂರ್ ಸಪೂರ ಕಾಂತ."

"ಮುಂಬೈ ಹೋಟ್ಲಿನ ಊಟ, ಹಂಗೆ" ಎಂದೆ ನಾನು.

ಆ ನಾಲ್ಕು ಮಾತಿನ ಮೇಲೆ ಅವಳ ಮದುವೆ ಆಯಿತು. ಆಮೇಲೆ ಮೂರನೇ ವರ್ಷ ಅವಳು ಬಸುರಿಯಾದಾಗ ರಕ್ತದಲ್ಲಿ ಸಿಕ್ಕಿತು. ರವಿರಾಜ ಆಸ್ಪತ್ರೆಯಲ್ಲಿ ತಾನೂ ಮೊದಲ ಸಲ ಪರೀಕ್ಷೆ ಮಾಡಿಸಿದವನ ಹಾಗೆ ಕೈ ಚಾಚಿ ರಕ್ತ ಕೊಟ್ಟ. ಫಲಿತಾಂಶ ಬಂದಾಗ ತಲೆ ಹಿಡಿದುಕೊಂಡು ಕೂತ. ಮನೆಗೆ ಬಂದು ಐದು ತಿಂಗಳ ಬಸುರಿಯನ್ನು ಗೋಡೆಗೆ ಒತ್ತಿ, "ಯಾರಿಂದ ತಂದೆ? ಹೇಳ್, ಯಾರಿಂದ ತಂದೆ?" ಎಂದು ಹೊಡೆದ. ನಾನು ಆ ದಿನ ಅದೇ ಮನೆಯಲ್ಲಿದ್ದೆ. ಅಮ್ಮ ಅವನ ಕೈ ಹಿಡಿದು, "ಬಿಡ್ ಮಗಾ, ಹೊಟ್ಟಿಯಲ್ಲಿಪ್ಪುದ್ ನಿಂದೇ ಅಲ್ದಾ" ಎಂದಳು. ಅಷ್ಟೇ. ಆಮೇಲೆ ಅವನು ಅವಳನ್ನು "ಕ್ಷಮಿಸಿದ". ಅಂಥವಳನ್ನೂ ಮನೆಯಲ್ಲಿ ಇಟ್ಟುಕೊಂಡಿದ್ದೇನೆ ಎಂದು ವರ್ಷಕ್ಕೆ ಹತ್ತು ಸಲ ಹೇಳಿ, ಅವಳು ಅದಕ್ಕೆ ತಲೆ ತಗ್ಗಿಸುವುದನ್ನು ನೋಡಿ, ಉಂಡು ಕೈ ತೊಳೆದ. ನಾನು ಆ ಗೋಡೆಯ ಹತ್ತಿರ ನಿಂತಿದ್ದವಳು ಬಾಯಿ ತೆರೆಯಲಿಲ್ಲ.

ಹೀಗಿದ್ದವಳ ಕೈಗೆ ರಮಿತಾ ತನ್ನ ಮಾತ್ರೆ ಕೊಟ್ಟು ಹೋಗಿದ್ದಳು.

ಹೇಳಿಬಿಡಬೇಕು ಎಂದು ನಾನು ಪ್ರತಿ ಸಲ ಅಂದುಕೊಂಡೆ. ಅವಳು ಹದಿನೈದು ದಿನಕ್ಕೊಮ್ಮೆ ಬರುವಳು. ಕಾಗದ ಹರಡಿ ಮಾತ್ರೆ ಎಣಿಸಿ ಸುತ್ತಿಕೊಳ್ಳುವಳು. ಒಂದು ಸಲ ಸುರಕ್ಷಾಳನ್ನೂ ಕರೆದುಕೊಂಡು ಬಂದಿದ್ದಳು. ಆ ಮಗು ಅಂಗಡಿಯ ಬಾಳೆಹಣ್ಣು ತಿನ್ನುತ್ತ ನನ್ನ ಮೊಣಕಾಲಿಗೆ ಒರಗಿ ಕೂತಿತ್ತು. ಆವತ್ತೂ ಹೇಳಲಿಲ್ಲ. ಹೇಳಿದರೆ ಅವಳು ಇಲ್ಲಿಗೆ ಬರುವುದೂ ನಿಂತೀತು, ಮಾತ್ರೆ ಇಡಲು ಅವಳಿಗೆ ಬೇರೆ ಜಾಗವಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿಗೆ ಕಾರಣಕ್ಕೆ ಬರವೇ?

ಜನವರಿಯಲ್ಲಿ ಅವಳ ಮುಖ ತಿಳಿಯಾಯಿತು. ಕಾರ್ಖಾನೆಯಲ್ಲಿ ಹತ್ತು ಗಂಟೆಯ ಚಾ ಬಿಟ್ಟಾಗ ಒಂದು ಮಾತ್ರೆ, ಒಂದು ದಿನವೂ ತಪ್ಪಿಲ್ಲ ಎಂದು ಹೇಳಿದಳು. ಕೈಗೆ ಗೇರುಬೀಜದ ಸೊನೆ ತಾಗಿ ಬೆರಳ ತುದಿ ಕಪ್ಪಾಗಿತ್ತು. ಆ ಕಪ್ಪು ಬೆರಳಲ್ಲಿ ಅವಳು ಬಿಳಿ ಮಾತ್ರೆಗಳನ್ನು ಒಂದೊಂದಾಗಿ ಸರಿಸುವುದನ್ನು ನಾನು ನೋಡುತ್ತ ಕೂರುತ್ತಿದ್ದೆ.

ಅವಳು ಸಿಕ್ಕಿಬಿದ್ದದ್ದು ಹೇಗೆ ಗೊತ್ತೇ? ಅನುಮಾನ ಬಾರದಿರಲಿ ಎಂದು ಅದುವರೆಗೆ ಬೆಳಿಗ್ಗೆ ಅವನ ಮುಂದೆ ಕೈ ಚಾಚುತ್ತಿದ್ದವಳು ಈಗ ಅದನ್ನು ನಿಲ್ಲಿಸಿದ್ದಳು. ಅದೇ ಅವಳ ತಪ್ಪು. ಕೊಟ್ಟೂ ಕೊಡದೆ ಹಳೆಯ ಬಾಟಲಿಯಲ್ಲಿ ಉಳಿಸಿಕೊಂಡಿದ್ದ ಮಾತ್ರೆಯನ್ನು ಅವನು ಎರಡು ಬೆರಳಲ್ಲಿ ಹಿಡಿದು ಕಾದ. ಅವಳು ಮಗುವಿನ ಜಡೆ ಹೆಣೆಯುತ್ತ ಕೂತಳು. ನಾಲ್ಕು ದಿನ ಹೀಗಾಯಿತು. ಐದನೇ ದಿನ ಭಾನುವಾರ. ಅವಳು ಹರಕೆ ಎಂದು ಹೊರಟಾಗ ಅವನು ಟೆಂಪೋ ಹತ್ತಿ ಬಸ್ಸಿನ ಹಿಂದೆ ಬಂದ.

ಭಾನುವಾರ ಆನೆಗುಡ್ಡೆಗೆ ಜನ ಹೆಚ್ಚು. ಹನ್ನೊಂದು ಗಂಟೆಯ ಹೊತ್ತು. ಅಂಗಡಿಯ ಮುಂದೆ ಐದಾರು ಜನ ಹಣ್ಣುಕಾಯಿಗೆ ನಿಂತಿದ್ದರು. ಬಾಳೆಗೊನೆ ತಂದು ಹಾಕುವ ಚಂದು ಮಾವ ಗೊನೆ ಇಳಿಸುತ್ತಿದ್ದರು. ರಮಿತಾ ಒಳಗೆ ಕೂತು ಮಾತ್ರೆ ಎಣಿಸುತ್ತಿದ್ದಳು. ಮೀನಿನ ವಾಸನೆ ಮೊದಲು ಬಂತು, ಆಮೇಲೆ ಅವನು. ನನ್ನನ್ನು ಬದಿಗೆ ತಳ್ಳಿ ಒಳಗೆ ನುಗ್ಗಿ ಅವಳ ಜಡೆ ಹಿಡಿದು ಎಳೆದ. ಕಾಗದ ಹಾರಿತು. ಮಾತ್ರೆಗಳು ತೆಂಗಿನಕಾಯಿಗಳ ನಡುವೆ ಚೆಲ್ಲಿದವು.

"ಹರಕಿಯಾ? ಇದಾ ನಿನ್ ಹರಕಿ?"

"ಬಿಡ್ ಅವ್ಳನ್ನ!" ಎಂದು ನಾನು ಅವನ ತೋಳು ಹಿಡಿದೆ. ಅವನು ಮೊಣಕೈಯಿಂದ ನನ್ನ ಬಾಯಿಗೆ ಹೊಡೆದ. ತುಟಿ ಒಡೆಯಿತು. ಚಂದು ಮಾವ ಗೊನೆ ಕೆಳಗಿಟ್ಟು ಓಡಿ ಬಂದು ಅವನ ಸೊಂಟ ಹಿಡಿದು ಹಿಂದಕ್ಕೆ ಎಳೆದರು. ವಯಸ್ಸಾದವರಾದರೂ ಗೊನೆ ಹೊತ್ತ ಕೈ. ಅವನು ಅಂಗಡಿಯ ಹೊರಗೆ, ಜನರ ನಡುವೆ ಬಂದು ನಿಂತ. ಆಗ ಅವನ ಮುಖದಲ್ಲಿ ನಗು ಕಂಡಿತು. ಕೈಯಲ್ಲಿ ಆಗದ್ದನ್ನು ಬಾಯಲ್ಲಿ ಮಾಡುತ್ತೇನೆ ಎಂಬ ನಗು.

"ಇಲ್ಲಿ ಇಪ್ಪರಿಗೆಲ್ಲ ಹೇಳ್ತೆ ಕಾಣ್, ನಿಂಗ್ ಎಂತ ಕಾಯ್ಲಿ ಅಂದ್ಹೇಳಿ. ನಾಳೆ ಕಾರ್ಖಾನಿಗೂ ಬಂದ್ ಹೇಳ್ತೆ. ಮತ್ತ್ ಯಾರ್ ನಿನ್ನ ಒಳ್ಗ್ ಸೇರಿಸ್ಕಂತ್ರ್ ಕಾಂಬ."

ಇದೇ ಅವನ ಹಗ್ಗ. ಆರು ವರ್ಷ ಅವಳ ಕೊರಳಿಗೆ ಸುತ್ತಿ ಹಿಡಿದಿದ್ದ.

ರಮಿತಾ ಎದ್ದು ಹೊರಗೆ ಬಂದಳು. ಕೂದಲು ಬಿಚ್ಚಿತ್ತು. ಮದುವೆಯಾದಾಗಿನಿಂದ ಗಂಡನನ್ನು "ಹ್ವಾಯ್" ಎಂದು ಕರೆದು ಬಹುವಚನದಲ್ಲೇ ಮಾತಾಡಿದವಳು.

"ನೀನ್ ಹೇಳುದ್ ಬ್ಯಾಡ. ನಾನೇ ಹೇಳ್ತೆ" ಎಂದಳು. ಆಮೇಲೆ ನಿಂತಿದ್ದವರ ಕಡೆಗೆ ತಿರುಗಿದಳು. "ನಂಗ್ ಎಚ್‌ಐವಿ ಇತ್ತ್. ದಿನಕ್ಕೊಂದ್ ಮಾತ್ರಿ ತಕಂಡ್ರೆ ನಾನ್ ನಿಮ್ಮಂಗೇ ಬದ್ಕತೆ. ಈ ಮನ್ಷ ಆ ಮಾತ್ರಿ ಬೀಗ ಹಾಕಿ ಇಡ್ತ. ತಾನ್ ತಿಂತ, ನಂಗ್ ಕೊಡುದಿಲ್ಲೆ. ನಾನ್ ಸಾಯ್ಕ್ ಅಂದ್ಹೇಳಿ ಅಲ್ಲ, ಕೈ ಚಾಚಿ ಬೇಡ್ಕ್ ಅಂದ್ಹೇಳಿ. ಕೇಂಡ್ರಲ್ದಾ? ಇನ್ನ್ ಹೇಳುಕೆ ಅವನ್ಹತ್ರ ಎಂತೂ ಇಲ್ಲೆ."

ಒಬ್ಬ ಹೆಂಗಸು ತನ್ನ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. ಒಬ್ಬ ಗಂಡಸು ಮೊಬೈಲು ಎತ್ತಿದಾಗ ಚಂದು ಮಾವ "ಒಳಗ್ ಹಾಕ್ ಅದನ್ನ" ಎಂದು ಗದರಿಸಿದರು. ರವಿರಾಜನ ನಗು ಹೋಗಿತ್ತು. ಆದರೂ ಅವನ ಹತ್ತಿರ ಇನ್ನೊಂದು ಮಾತು ಇತ್ತು.

"ಎಲ್ಲಿಂದ ತಂದ್ಳ್ ಅಂತ ಕೇಣಿ!" ಎಂದು ಕೂಗಿದ. "ಕೇಣಿ, ಯಾರ್ ಕೊಟ್ರ್ ಅಂತ!"

ಆಗ ನನ್ನ ಬಾಯಿ ತೆರೆಯಿತು. ಧೈರ್ಯದಿಂದ ಅಲ್ಲ. ಅಷ್ಟು ವರ್ಷ ಒಳಗೇ ಕೊಳೆತದ್ದು ಕಾರಿಕೊಂಡ ಹಾಗೆ ಬಂತು.

"ನೀನ್ ಕೊಟ್ಟದ್ದ್" ಎಂದೆ. "ಮದಿಗಿಂತ ಮುಂಚೆ ನಿಂಗಿತ್ತ್. ಮುಂಬೈ ಆಸ್ಪತ್ರಿ ಫೈಲ್ ನಾನ್ ಓದಿದ್ದೆ. ನಿನ್ ಹೆಸ್ರ್ ಇತ್ತ್, ತಾರೀಕ್ ಇತ್ತ್. ಮಾತ್ರಿ ಬಿಟ್ಟ್ ಮದಿ ಆದೆ ನೀನ್. ಈ ಹೆಣ್ಣಿಗೆ ತಂದ್ ಹಚ್ಚಿ, ಬಸ್ರಿಯನ್ನ ಗ್ವಾಡಿಗ್ ಒತ್ತಿ, ಯಾರಿಂದ ತಂದೆ ಅಂತ ಕೇಂಡೆ. ಇಲ್ಲೂ ಅದನ್ನೇ ಕೇಂತ್ಯಾ?"

ಅವನು ನನ್ನನ್ನು ನೋಡಿದ. ಅಕ್ಕ ಹೀಗೆ ಮಾಡಿಯಾಳು ಎಂದು ಅವನು ಕನಸಲ್ಲೂ ಎಣಿಸಿರಲಿಕ್ಕಿಲ್ಲ. ಆಮೇಲೆ ಟೆಂಪೋ ಹತ್ತಿ ಹೋದ. ಹಿಂದಿನ ಬಾಗಿಲಿನಿಂದ ಐಸ್ ನೀರು ರಸ್ತೆಗೆ ಸೋರುತ್ತಿತ್ತು.

ರಮಿತಾ ಅವನು ಹೋದದ್ದನ್ನು ನೋಡಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

"ನಿಮ್ಗ್ ಗೊತ್ತಿತ್ತಾ?"

"ಗೊತ್ತಿತ್ತ್."

"ಮದಿಗಿಂತ ಮುಂಚೆ?"

"ಹೌದ್."

"ನಮ್ಮಮ್ಮ ನಿಮ್ಹತ್ರ ಕೇಂಡಿದ್ರಲ್ದಾ?"

ನಾನು ತಲೆ ಆಡಿಸಿದೆ. ಅವಳ ತಾಯಿ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು.

ಅವಳು ಒಳಗೆ ಹೋಗಿ ಮಂಡಿಯೂರಿ ತೆಂಗಿನಕಾಯಿಗಳ ನಡುವಿನಿಂದ ಮಾತ್ರೆಗಳನ್ನು ಆರಿಸತೊಡಗಿದಳು. ನಾನೂ ಬಗ್ಗಿದೆ.

"ಮುಟ್ಬೇಡಿ" ಎಂದಳು.

ನಾನು ನಿಂತೆ. ಅವಳು ಎಲ್ಲವನ್ನೂ ಆರಿಸಿ, ಸೆರಗಿನಿಂದ ಒರೆಸಿ, ಬಾಟಲಿಗೆ ತುಂಬಿ, ಮುಚ್ಚಳ ತಿರುಗಿಸಿದಳು. ಆಮೇಲೆ ಕೂತಲ್ಲಿಂದಲೇ ಹೇಳಿದಳು.

"ಆರ್ ವರ್ಷ ನಾನ್ ನನ್ನ ಮೈಯನ್ನೇ ತನಿಖೆ ಮಾಡ್ದೆ ಅತ್ಗಿ. ಹಲ್ ಕಿತ್ತ್‌ದ ಡಾಕ್ಟ್ರಾ, ಕಿವಿ ಚುಚ್ಚಿದ್ದವನಾ, ಸಣ್ಣದಿಪ್ಪಾಗ ಇಂಜೆಕ್ಷನ್ ಕೊಟ್ಟವ್ರಾ ಅಂತ. ಎಲ್ಲಿಂದ ಬಂತ್, ಎಲ್ಲಿಂದ ಬಂತ್ ಅಂತ ನಿದ್ದಿ ಇಲ್ದೆ ಎಣ್ಸಿದೆ. ಅವ ಹೊಡಿವಾಗ ನಂದೇ ತಪ್ಪ್ ಇಪ್ಪುಕೂ ಸಾಕ್ ಅಂದ್ಕಂಡ್ ಪೆಟ್ಟ್ ತಿಂದೆ. ನೀವ್ ಒಂದ್ ಮಾತ್ ಹೇಳಿದ್ರೆ ಸಾಕಿತ್ತ್. ಮದಿ ನಿಲ್ಸುದ್ ಬಿಡಿ. ಆಮೇಲಾದ್ರೂ ಹೇಳುಕಾಗಿತ್ತ್. ಅವ ನಂಗ್ ಪೆಟ್ಟ್ ಕೊಟ್ಟ. ನೀವ್?"

ನನ್ನ ತುಟಿಯಿಂದ ರಕ್ತ ಗಲ್ಲಕ್ಕೆ ಇಳಿದಿತ್ತು. ಅದನ್ನು ಒರೆಸಿಕೊಳ್ಳಲೂ ನಾಚಿಕೆಯಾಯಿತು. ಅವಳ ಪರ ಪೆಟ್ಟು ತಿಂದವಳು ನಾನು ಎಂದು ತೋರಿಸಿಕೊಂಡ ಹಾಗಾದೀತು ಎಂದು.

ಅವಳು ಚಂದು ಮಾವನ ಮೊಬೈಲು ಕೇಳಿ ಪಡೆದು ಪ್ರೇಕ್ಷಾಳಿಗೆ ಫೋನು ಮಾಡಿದಳು. ನಂಬರು ಬಾಯಿಪಾಠವಾಗಿತ್ತು. ಭಾನುವಾರವಾದರೂ ಆ ಹುಡುಗಿ ಎತ್ತಿದಳು. ಉಡುಪಿಯಲ್ಲಿ ಹೊಡೆತ ತಿಂದ ಹೆಂಗಸರಿಗೆಂದೇ ಸರ್ಕಾರದ ಒಂದು ಕೇಂದ್ರ ಇದೆ, ಬಂದುಬಿಡಿ, ಬಸ್ ನಿಲ್ದಾಣದಲ್ಲಿ ನಾನೇ ಕಾಯುತ್ತೇನೆ ಎಂದಳು. ರಮಿತಾ ಹೆಮ್ಮಾಡಿಗೆ, ಅಣ್ಣನಿಗೂ ಮಾಡಿದಳು. ಅವನು ಎಲ್ಲ ಕೇಳಿ, ಮನೆಯಲ್ಲಿ ಮಕ್ಕಳಿದ್ದಾರಲ್ಲ ಎಂದನಂತೆ. ಅವಳು ಫೋನು ಕೆಳಗಿಟ್ಟು ಉಡುಪಿಯ ಬಸ್ಸಿಗೆ ನಿಂತಳು. ಚಂದು ಮಾವ ಬಸ್ಸು ಬರುವವರೆಗೆ ಅವಳ ಪಕ್ಕ ನಿಂತರು. ನನ್ನನ್ನು ಅವಳು ಹತ್ತಿರ ಬರಗೊಡಲಿಲ್ಲ.

ಸುರಕ್ಷಾ ಬೈಂದೂರಿನಲ್ಲೇ ಇದ್ದಳು. ಮಗುವನ್ನು ಕೊಡುವುದಿಲ್ಲ ಎಂದು ರವಿರಾಜ ಹಟ ಹಿಡಿದ. ಸೋಮವಾರ ಮಹಿಳಾ ಪೊಲೀಸರು, ಮಹಿಳೆ ಮತ್ತು ಮಕ್ಕಳ ಇಲಾಖೆಯ ಅಧಿಕಾರಿಯೊಬ್ಬರು, ರಮಿತಾ ಎಲ್ಲ ಸೇರಿ ಹೋಗಿ ಶಾಲೆಯಿಂದ ಮಗುವನ್ನು ಕರೆತಂದರು. ಅಮ್ಮ ನನಗೆ ಫೋನು ಮಾಡಿದಳು.

"ಒಡ್ಹುಟ್ಟಿದವನ ಮಾನ ಬೀದಿಯಲ್ಲಿ ಹರಾಜ್ ಹಾಕ್ದೆ. ನಂಗ್ ಮಗ್ಳ್ ಇಲ್ಲೆ ಅಂದ್ಕಂತೆ."

"ಒಂದ್ ಹೆಣ್ಣಿನ ಜೀವ ಹರಾಜ್ ಹಾಕುವಾಗ ನಾವಿಬ್ರೂ ಸೇರಿಯೇ ಕೂಗಿದ್ದಲ್ದಾ ಅಮ್ಮ?" ಎಂದೆ.

"ಗಂಡ್ಸಿನ ಕೈ, ಒಂದ್ ಪೆಟ್ಟ್ ಬೀಳುದೇ. ನಾನ್ ತಿನ್ಲಿಲ್ಯಾ ನಿಮ್ಮಪ್ಪಯ್ಯನ ಕೈಯಲ್ಲಿ?"

ಫೋನು ಇಟ್ಟೆ. ಮತ್ತೆ ಅವಳು ಮಾಡಲಿಲ್ಲ, ನಾನೂ ಮಾಡಲಿಲ್ಲ.

ಅಂಗಡಿಗೆ ಬರುವವರು ಒಂದು ತಿಂಗಳು ಕಡಿಮೆಯಾದರು. ಆ ಮಾತ್ರೆ ಇಟ್ಟ ಅಂಗಡಿಯ ಕಾಯಿ ದೇವರಿಗೆ ಹೇಗೆ ಒಯ್ಯುವುದು ಎಂದು ಯಾರೋ ಕೇಳಿದರಂತೆ. ಮುಟ್ಟಿದರೆ ಬರುವ ಕಾಯಿಲೆಯಲ್ಲ ಎಂದು ಒಬ್ಬರಿಬ್ಬರಿಗೆ ಹೇಳಿ ನೋಡಿದೆ. ಕಾಲೇಜಿಗೆ ಹೋಗುವ ಮಕ್ಕಳಿರುವವರೇ ಮುಖ ತಿರುಗಿಸಿದಾಗ ಸಿಟ್ಟು ಬಂತು. ಇದೇ ಜನ ಅವನು ಜಡೆ ಹಿಡಿದು ಎಳೆದಾಗ ಹಣ್ಣುಕಾಯಿ ತಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಹೊಡೆತಕ್ಕೆ ಯಾರಿಗೂ ಮೈಲಿಗೆಯಾಗಲಿಲ್ಲ, ಮಾತ್ರೆಗೆ ಆಯಿತು. ಚಂದು ಮಾವ ಮಾತ್ರ ಎಂದಿನಂತೆ ಗೊನೆ ತಂದು ಹಾಕಿ, ನನ್ನ ಅಂಗಡಿಯಲ್ಲೇ ಕೂತು, ನನ್ನದೇ ಲೋಟದಲ್ಲಿ ಚಾ ಕುಡಿದು ಹೋಗುತ್ತಿದ್ದರು.

ರಮಿತಾ ಕಾರ್ಖಾನೆಗೆ ಮತ್ತೆ ಹೋಗಲಿಲ್ಲ. ಬೈಂದೂರು ಅವನ ಊರು. ಪ್ರೇಕ್ಷಾ ಓಡಾಡಿ ಬ್ರಹ್ಮಾವರದಲ್ಲಿ ಸಮವಸ್ತ್ರ ಹೊಲಿಯುವ ಕಡೆ ಕೆಲಸ ಕೊಡಿಸಿದಳು. ಹತ್ತಿರದಲ್ಲೇ ಒಂದು ಕೋಣೆ, ಸುರಕ್ಷಾಳಿಗೆ ಅಲ್ಲಿಯ ಶಾಲೆ. ಉಡುಪಿ ಅಲ್ಲಿಂದ ದೂರವಿಲ್ಲ.

ಕೋರ್ಟಿನಲ್ಲಿ ಕೇಸು ಹಾಕಿದಾಗ ಅವಳ ಕಡೆಯ ವಕೀಲೆ ನನಗೆ ಫೋನು ಮಾಡಿದರು. ಸಾಕ್ಷಿ ಹೇಳುತ್ತೀರಾ ಎಂದು ಕೇಳಿದರು. ರಮಿತಾ ಕೇಳಲು ಹೇಳಿದಳೇ ಎಂದು ನಾನು ವಿಚಾರಿಸಿದೆ. "ಇಲ್ಲ, ಅವರು ಬೇಡ ಅಂದ್ರು. ನಾನೇ ಕೇಳ್ತಾ ಇದ್ದೇನೆ" ಎಂದರು. ಒಪ್ಪಿಕೊಂಡೆ.

ಮೊನ್ನೆ ಕುಂದಾಪುರದ ಕೋರ್ಟಿನಲ್ಲಿ ನನ್ನ ವಿಚಾರಣೆ ಆಯಿತು. ಬಾಗಿಲು ಹಾಕಿದ ಕೋಣೆ, ಹೊರಗಿನವರು ಯಾರೂ ಇಲ್ಲ. ಕಾಗದಪತ್ರದಲ್ಲೂ ಅವಳ ಹೆಸರು ಬರೆಯದೆ ಅಕ್ಷರ ಮಾತ್ರ ಹಾಕಿದ್ದರು. ಕಾನೂನಿನಲ್ಲಿ ಹಾಗಿದೆಯಂತೆ. ರವಿರಾಜ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಮೈ ಕೈ ತುಂಬಿಕೊಂಡಿದ್ದ. ಅವನ ಮಾತ್ರೆಯನ್ನು ಯಾರೂ ಕಿತ್ತುಕೊಂಡಿರಲಿಲ್ಲ.

ಫೈಲು ಎಲ್ಲಿ ಎಂದು ಅವನ ವಕೀಲರು ಕೇಳಿದರು. ನನ್ನ ಹತ್ತಿರ ಇಲ್ಲ, ಓದಿದ್ದು ಮಾತ್ರ ನಿಜ ಎಂದೆ. ಅಂಗಡಿಯ ವಿಷಯದಲ್ಲಿ ತಮ್ಮನ ಮೇಲೆ ದ್ವೇಷವಿದೆಯೇ ಎಂದರು. ಅಂಗಡಿ ನನ್ನ ಗಂಡ ಬಿಟ್ಟುಹೋದದ್ದು, ತಮ್ಮನಿಗೂ ಅದಕ್ಕೂ ಸಂಬಂಧವಿಲ್ಲ ಎಂದೆ. ಕೊನೆಗೆ ಕನ್ನಡಕ ತೆಗೆದು, "ಇಷ್ಟೆಲ್ಲ ಗೊತ್ತಿದ್ದವರು ಒಂಬತ್ತು ವರ್ಷ ಯಾಕಮ್ಮ ಸುಮ್ಮನಿದ್ರಿ? ಆಗ ಹೇಳದವರ ಮಾತು ಈಗ ಯಾಕೆ ನಂಬಬೇಕು?" ಎಂದರು.

ರಮಿತಾ ಆ ಬದಿಯ ಬೆಂಚಿನಲ್ಲಿ ಕೂತಿದ್ದಳು. ನಾನು ಅವಳ ಕಡೆ ನೋಡದೆ ಹೇಳಿದೆ.

"ತಮ್ಮನ ಮದುವೆ ನಿಲ್ಲಬಾರದು ಅಂತ ಸುಮ್ಮನಿದ್ದೆ. ಆಮೇಲೆ ಮನೆಯ ಮಾನ ಹೋಗಬಾರದು ಅಂತ. ಅವಳು ಬೇರೆ ಮನೆಯ ಹುಡುಗಿ, ಅವಳಿಗೆ ಏನಾದರೂ ಆಗಲಿ ಅಂತ. ಇದು ಅಪರಾಧ ಆದ್ರೆ ನನ್ನ ಹೆಸರನ್ನೂ ಬರ್ಕೊಳ್ಳಿ. ಆದ್ರೆ ನಾನು ಸುಮ್ಮನಿದ್ದದ್ದರಿಂದ ಅವನು ಮಾಡಿದ್ದು ಸುಳ್ಳಾಗುವುದಿಲ್ಲ."

ಮ್ಯಾಜಿಸ್ಟ್ರೇಟ್ ಬರೆಸಿಕೊಂಡರು. ವಕೀಲರು ಕೂತರು.

ಅಂತಿಮ ಆದೇಶ ಇನ್ನೂ ಬಂದಿಲ್ಲ. ಸದ್ಯಕ್ಕೆ ಅವನು ಅವಳ ಮನೆಯ, ಕೆಲಸದ, ಮಗುವಿನ ಶಾಲೆಯ ಹತ್ತಿರ ಸುಳಿಯಬಾರದು, ಫೋನು ಮಾಡಬಾರದು, ಅವಳ ಕಾಯಿಲೆಯ ವಿಷಯ ಯಾರ ಹತ್ತಿರವೂ ಎತ್ತಬಾರದು ಎಂದು ಮಧ್ಯಂತರ ಆದೇಶವಿದೆ. ಒಮ್ಮೆ ಶಾಲೆಯ ಗೇಟಿನ ಹತ್ತಿರ ಟೆಂಪೋ ನಿಲ್ಲಿಸಿದ್ದಕ್ಕೆ ಪೊಲೀಸರು ಕರೆದು ಒಂದು ದಿನ ಕೂರಿಸಿದರು. ಅಷ್ಟೇ ಆದದ್ದು. ಅವನು ಹೊರಗೇ ಇದ್ದಾನೆ, ಟೆಂಪೋ ಓಡಿಸುತ್ತಿದ್ದಾನೆ, ಅಮ್ಮ ಬಡಿಸಿದ್ದನ್ನು ಉಣ್ಣುತ್ತಿದ್ದಾನೆ. ನೆನೆದಾಗಲೆಲ್ಲ ನನಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬರುತ್ತದೆ.

ಆ ದಿನ ಕೋರ್ಟಿನಿಂದ ಹೊರಗೆ ಬಂದು ನಾನು ಮೆಟ್ಟಿಲ ಬದಿಗೆ ನಿಂತೆ. ರಮಿತಾ ವಕೀಲೆಯ ಹತ್ತಿರ ಮಾತು ಮುಗಿಸಿ ಇಳಿದಳು. ಬೆರಳ ತುದಿಯ ಕಪ್ಪು ಹೋಗಿ ಚರ್ಮ ತನ್ನ ಬಣ್ಣಕ್ಕೆ ಬಂದಿತ್ತು. ನನ್ನನ್ನು ದಾಟಿ ಹೋಗಿ, ಎರಡು ಹೆಜ್ಜೆ ಆಚೆ ನಿಂತು ತಿರುಗಿದಳು.

"ಪರೀಕ್ಷೆ ಮತ್ತ್ ಮಾಡ್ಸಿದ್ದೆ" ಎಂದಳು. "ಲೆಕ್ಕಕ್ಕೆ ಸಿಕ್ಕದಷ್ಟ್ ಕಮ್ಮಿ ಬಂತ್."

"ಒಳ್ಳೇದಾಯ್ತ್" ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಯೋಗ್ಯತೆ ನನಗಿರಲಿಲ್ಲ.

"ಸುರಕ್ಷಾ ನಿಮ್ನ ಕೇಂತ್ಳ್. ಐತವಾರ ಬಂದ್ರೆ ಅವ್ಳನ್ನ ಕಾಂಬುಕಾತ್ತ್. ಕೋಣೆ ಒಳ್ಗ್ ಬಪ್ಪುದ್ ಬ್ಯಾಡ, ಗೇಟಂಗೆ ಕಳ್ಸ್ತೆ." ಮತ್ತೆ ಹೇಳಿದಳು, "ಅವ್ಳನ್ನ ಕಾಂಬುಕ್ ಮಾತ್ರ. ನನ್ನ ಅಲ್ಲ. ನಂಗ್ ಇನ್ನೂ ಸಿಟ್ಟ್ ಇತ್ತ್."

"ಇರ್ಲಿ ಹೆಣೆ. ಸಿಟ್ಟ್ ಇರ್ಲೇಬೇಕ್" ಎಂದೆ.

ಅವಳು ತಲೆಯಾಡಿಸಿ ಬಸ್ ನಿಲ್ದಾಣದ ಕಡೆ ನಡೆದಳು. ನಾನು ಬರುವ ಭಾನುವಾರ ಬ್ರಹ್ಮಾವರಕ್ಕೆ ಹೋಗುವವಳಿದ್ದೇನೆ.